ಗಿಂಕೋ ಮರದ ಕೆಳಗಿನ ಅಡುಗೆಮನೆ

ಅಬ್ಬಿಗೆರೆ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಧನುಶ್ರೀ ಅಪ್ಪನವರಿಗೆ ವನಿತಾ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಧನುಗೆ ಬಂದಿದ್ದ ಜ್ವರ ಬಿಟ್ಟಿದೆ, ಕರಿ ಹಸು ಗಬ್ಬವಾಗಿದೆ, ನನ್ನ ಮಂಡಿನೋವು ಮಾತ್ರ ಇದ್ದ ಹಾಗೇ ಇದೆ. ನೀವೂ ಅಲ್ಲಿ, ಅಂದರೆ ನೀವು ಎಲ್ಲಿದ್ದೀರೋ ಅಲ್ಲಿ, ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ಕಾಗದ ಬರೆಯುತ್ತೇನೆ, ಬರೆಯುತ್ತೇನೆ ಎಂದು ಯುಗಾದಿಯಿಂದ ಹೇಳುತ್ತಾ ಬಂದವಳು ಈಗ ಕೂತಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ತಪ್ಪು ನನ್ನೊಬ್ಬಳದೇ ಅಲ್ಲ. ವಿಳಾಸ ಕೇಳಿದಾಗಲೆಲ್ಲ ನೀವು, "ಎಂಬೆಸಿ ಕಣೇ, ಸೆಕ್ಯೂರಿಟಿ ಜಾಸ್ತಿ, ಹೊರಗಿನ ಕಾಗದ ಒಳಗೆ ಬಿಡಲ್ಲ" ಎಂದಿರಿ. ಹಾಗಾದರೆ ಇದು ನಿಮ್ಮ ಕೈಗೆ ಹೇಗೆ ಸೇರುತ್ತದೆ? ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ನಿಮ್ಮ ಉತ್ತರ ತಯಾರಾಗಿರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದಲೇಬೇಕು.

ಮೊದಲು ಮಗಳ ವಿಷಯ. ಕಾಲೇಜಿನಲ್ಲಿ ಇತಿಹಾಸದ ಪ್ರಾಜೆಕ್ಟ್ ಕೊಟ್ಟಿದ್ದರು. ಬೇರೆ ಮಕ್ಕಳು ನಂದಿಬೆಟ್ಟ, ದೇವನಹಳ್ಳಿ ಕೋಟೆ ಎಂದು ಆರಿಸಿಕೊಂಡರೆ ನಿಮ್ಮ ಮಗಳು 'ಟೋಕಿಯೋದ ಅಮೆರಿಕ ರಾಯಭಾರ ಕಚೇರಿ' ಎಂದು ಬರೆಸಿ ಬಂದಳು. "ನಮ್ಮಪ್ಪ ಅಲ್ಲೇ ಅಡುಗೆ ಮಾಡೋದು ಮಿಸ್" ಎಂದು ಕ್ಲಾಸಿನ ಮುಂದೆಯೇ ಹೇಳಿದಳಂತೆ. ಆಮೇಲೆ ನಿಮಗೆ ಫೋನು ಮಾಡಿ, "ಅಪ್ಪಾ, ನಿಮ್ಮ ಆಫೀಸು ಹೇಗಿದೆ ಹೇಳಪ್ಪಾ" ಎಂದಳು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ನೀವು ಹೇಳಿದ್ದು ಒಂದೊಂದು ಮಾತೂ ನೆನಪಿದೆ. "ಅಜಾಬು ಅಂತ ಏರಿಯಾ ಮಗಾ. ಜೆಂಪುಕುಜಿ ಅಂತ ಹಳೇ ದೇವಸ್ಥಾನ, ಅದರೊಳಗೇ ಎಂಬೆಸಿ. ದೊಡ್ಡ ಗಿಂಕೋ ಮರ ಇದೆ, ಅದರ ಕೆಳಗೇ ನಮ್ಮ ಅಡುಗೆಮನೆ." ಮಗಳು ಅಷ್ಟನ್ನೂ ಮೊದಲ ಪುಟದಲ್ಲೇ ಬರೆದಳು. ಮರದ ಚಿತ್ರ ಬಿಡಿಸಿ, ಕೆಳಗೆ ಸೌಟು ಹಿಡಿದ ನಿಮ್ಮನ್ನೂ ನಿಲ್ಲಿಸಿದಳು. ಹೊಟ್ಟೆಯನ್ನು ಸ್ವಲ್ಪ ಕಡಿಮೆ ಮಾಡಿ ಬಿಡಿಸಿದ್ದಳು, ಅಪ್ಪನ ಮೇಲೆ ಅಷ್ಟು ಪ್ರೀತಿ.

ಮೇಡಂ ಅದನ್ನು ಓದಿ ನಕ್ಕುಬಿಟ್ಟರು. "ಅಮೆರಿಕದವರು ಆ ದೇವಸ್ಥಾನ ಬಿಟ್ಟು ನೂರೈವತ್ತು ವರ್ಷ ಆಯ್ತಲ್ಲಮ್ಮ. ನಿಮ್ಮಪ್ಪ ಯಾವ ಶತಮಾನದಲ್ಲಿ ಅಡುಗೆ ಮಾಡ್ತಿದ್ದಾರೆ?" ಅವರೇನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಕ್ಲಾಸಿಗೆ ಕ್ಲಾಸೇ ನಕ್ಕಿತು. ಹುಡುಗಿ ಮನೆಗೆ ಬಂದು ಚೀಲ ಎಸೆದು ಮಲಗಿದವಳು ಊಟಕ್ಕೂ ಏಳಲಿಲ್ಲ. "ಅಪ್ಪ ತಮಾಷೆಗೆ ಹೇಳಿರ್ಬೇಕಮ್ಮ" ಎಂದು ನನಗೇ ಸಮಾಧಾನ ಹೇಳಿದಳು. ನಾನು ಹೂಂ ಎಂದೆ. ನನ್ನ ತಲೆಯೊಳಗೆ ಹುಳು ಹೊಕ್ಕಿದ್ದು ಆ ದಿನವೇ.

ಆಮೇಲೆ ಅವಳು ಛಲ ಹಿಡಿದು ಆ ಕಚೇರಿಯ ಪೂರ್ತಿ ಚರಿತ್ರೆ ಓದಿದಳು. ಸಂಜೆ ನಾನು ಹಾಲು ಕರೆಯುವಾಗ ಕೊಟ್ಟಿಗೆಯ ಬಾಗಿಲಲ್ಲಿ ಕೂತು ನನಗೂ ಹೇಳಿದಳು. ಹ್ಯಾರಿಸ್ ಎಂಬ ಮೊದಲ ರಾಯಭಾರಿಗೆ ಜಪಾನಿನವರು ಇರಲು ಕೊಟ್ಟದ್ದು ಆ ದೇವಸ್ಥಾನವನ್ನೇ ಅಂತೆ. ಸುತ್ತ ಕಾವಲಿಗೆ ಜನ ಹಾಕಿದರು. ಅವರು ಕಾಯುವುದಕ್ಕೆ ಬಂದವರೋ ಕಣ್ಣಿಡುವುದಕ್ಕೆ ಬಂದವರೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಅದು ಚೆನ್ನಾಗಿ ಅರ್ಥವಾಯಿತು ಬಿಡಿ, ನಮ್ಮ ಬೀದಿಯಲ್ಲೂ ಅಂಥವರು ಬೇಕಾದಷ್ಟು ಜನ ಇದ್ದಾರೆ. ಅವನ ಹತ್ತಿರ ಮಾತು ತಿಳಿಸಿ ಹೇಳುವ ದುಭಾಷಿಯೊಬ್ಬ ಇದ್ದ. ಒಂದು ದಿನ ಮನೆಗೆ ಮರಳುವಾಗ, ಜೊತೆಗೆ ಕಾವಲಿನವರು ಇದ್ದರೂ, ಪರದೇಶದವರೆಂದರೆ ಆಗದವರು ಅವನನ್ನು ದಾರಿಯಲ್ಲೇ ಕಡಿದುಹಾಕಿದರು. ಬೇರೆ ದೇಶಗಳ ರಾಯಭಾರಿಗಳು ಇನ್ನು ಇಲ್ಲಿ ಇರುವುದಿಲ್ಲ ಎಂದು ಗಂಟು ಕಟ್ಟಿಕೊಂಡು ಯೊಕೊಹಾಮಾಗೆ ಹೊರಟರು. ಹ್ಯಾರಿಸ್ ಒಬ್ಬ ಹೋಗಲಿಲ್ಲ. ಅಲ್ಲೇ ಉಳಿದ. "ಯಾಕೆ ಉಳಿದ್ನಮ್ಮ?" ಎಂದು ಧನು ಕೇಳಿದಳು. ನಂಬಿಕೆಯೋ ಮೊಂಡುತನವೋ ಯಾರಿಗೆ ಗೊತ್ತು. ಅನುಮಾನ ಇಟ್ಟುಕೊಂಡೂ ಒಂದು ಮನೆಯಲ್ಲಿ ಉಳಿಯಬಹುದು ಎಂಬುದು ನನಗಂತೂ ಹೊಸದಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆ ದೇವಸ್ಥಾನದ ಮನೆಗೆ ಬೆಂಕಿ ಬಿತ್ತು. ಮುಂದೆ ಕಚೇರಿ ಜಾಗ ಬದಲಾಯಿಸಿಕೊಂಡು ಅಕಾಸಾಕಾಗೆ ಹೋಯಿತು, ಅಲ್ಲೂ ಭೂಕಂಪದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದರು. ಅಮೆರಿಕಕ್ಕೂ ಜಪಾನಿಗೂ ಯುದ್ಧ ಶುರುವಾದಾಗ ಆಗಿನ ರಾಯಭಾರಿಯನ್ನೂ ಅವನ ಜನರನ್ನೂ ಅವರದೇ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ್ದರಂತೆ. "ಪಾಪ, ಕಿಟಕಿಯಿಂದ ಊರು ಕಾಣುತ್ತೆ, ಹೋಗೋ ಹಾಗಿಲ್ಲ" ಎಂದಳು ಧನು. ಇಷ್ಟೆಲ್ಲ ಆದ ಕಚೇರಿಯಲ್ಲಿ ಕೆಲಸ ಮಾಡುವ ನಿಮಗೆ ಆ ದೇವಸ್ಥಾನವೊಂದೇ ಕಂಡಿತಲ್ಲ, ನನಗೆ ಅದೇ ಆಶ್ಚರ್ಯ. ಫೋನಿನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಓದಿ ಹೇಳಿದ ಹಾಗಿತ್ತು.

ಆಮೇಲೆ ನಾನು ಸುಮ್ಮನಿರಲಿಲ್ಲ. ನಿಮ್ಮನ್ನು ಪರೀಕ್ಷೆ ಮಾಡಲು ಶುರು ಮಾಡಿದೆ. ಅಲ್ಲೀಗ ಗಂಟೆ ಎಷ್ಟು ಎಂದರೆ ತಪ್ಪದೆ ಮೂರೂವರೆ ಗಂಟೆ ಸೇರಿಸಿ ಹೇಳಿದಿರಿ. ಭೇಷ್. ಮಳೆಯೇ ಎಂದರೆ ಮಳೆ ಎಂದಿರಿ, ಚಳಿಯೇ ಎಂದರೆ ಚಳಿ ಎಂದಿರಿ. ನಾನು ಏನು ಕೇಳಿದರೂ ಅಲ್ಲಿ ಅದೇ ಇರುತ್ತಿತ್ತು. ಗೌರಿಹಬ್ಬದ ಬೆಳಿಗ್ಗೆ ಮಾತಾಡುತ್ತಿದ್ದಾಗ ನಿಮ್ಮ ಕಡೆಯಿಂದ ಕಸದ ಗಾಡಿಯ ಹಾಡು ಕೇಳಿಸಿತು. ನಮ್ಮ ಬೀದಿಗೆ ದಿನಾ ಬರುವ ಅದೇ ಹಾಡು, ಅದೇ ಕನ್ನಡ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಹೇಳುವುದೂ ಸೇರಿ. "ಏನ್ರೀ ಅದು?" ಎಂದೆ. "ಟೀವಿ ಕಣೇ, ಕನ್ನಡ ಚಾನಲ್ ಹಾಕಿದೀನಿ" ಎಂದು ಕಟ್ ಮಾಡಿದಿರಿ. ಯಾವ ಚಾನಲ್‌ನವರು ಕಸದ ಗಾಡಿ ತೋರಿಸುತ್ತಾರೆ ಸ್ವಾಮೀ?

ಆಮೇಲೆ ನನ್ನ ಮನಸ್ಸು ಎಲ್ಲಿಗೆ ಹೋಗಿರಬಹುದು ಎಂದು ನೀವೇ ಊಹಿಸಿ. ಯಾವಳೋ ಇದ್ದಾಳೆ ಎಂದುಕೊಂಡೆ. ಯಶವಂತಪುರದಲ್ಲೋ ಆರ್‌ಟಿ ನಗರದಲ್ಲೋ ಮನೆ ಮಾಡಿಕೊಟ್ಟು, ಬಾಗಿಲಿಗೆ ಜಪಾನ್ ಎಂದು ಹೆಸರಿಟ್ಟುಕೊಂಡಿದ್ದೀರಿ ಎಂದುಕೊಂಡೆ. ನಿಮ್ಮ ಬೀರು ತೆಗೆದು ಅಂಗಿಗಳನ್ನೆಲ್ಲ ಮೂಸಿದೆ. ಹೋಗುವ ಹಿಂದಿನ ವಾರ ಕೂದಲಿಗೆ ಬಣ್ಣ ಹಾಕಿಸಿಕೊಂಡದ್ದು ನೆನಪಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎಷ್ಟೋ ದಿನ ಅತ್ತಿದ್ದೇನೆ. ಬೆಳಿಗ್ಗೆ ಎದ್ದು ಮುಖ ತೊಳೆದು, ಬೀದಿಯವರು ಕೇಳಿದಾಗ "ಹೂಂ, ಟೋಕಿಯೋದಲ್ಲೇ ಇದಾರೆ, ಚೆನ್ನಾಗಿದಾರೆ" ಎಂದೂ ಹೇಳಿದ್ದೇನೆ.

ಬೀದಿಯವರು ಕೇಳದೆ ಬಿಡುತ್ತಾರೆಯೇ? ನೀವು ಹೊರಡುವಾಗ ಚಿಕ್ಕಮಾವ ಚಿಕ್ಕಮುನಿಯಪ್ಪನವರು ಆ ಫ್ಲೆಕ್ಸ್ ಕಟ್ಟಿಸಿದ್ದು ನೆನಪಿದೆಯಲ್ಲ. "ನಮ್ಮುಡುಗ ಅಮೆರಿಕಾದೋರ್ ಅಡುಗೆಮನೆಗೆ ಓಗ್ತಾವ್ನೆ, ಇಂಗೇ ಬುಟ್ರೆ ಆಯ್ತದಾ?" ಎಂದು ವೃತ್ತದಲ್ಲಿ ಎರಡಾಳು ಎತ್ತರ ನಿಲ್ಲಿಸಿದರು. ಹಿಂದೆ ಫ್ಯೂಜಿ ಪರ್ವತ, ಅದರ ನೆತ್ತಿಯ ಮೇಲೆ ಅಮೆರಿಕದ ಬಾವುಟ, ಮಧ್ಯೆ ನೀವು, ಕೆಳಗೆ ಶುಭ ಕೋರುವವರ ಸಾಲಿನಲ್ಲಿ ನಿಮಗಿಂತ ದೊಡ್ಡದಾಗಿ ಚಿಕ್ಕಮಾವ. ಊರಿಗೆಲ್ಲ ಬಿರಿಯಾನಿ. ಹೆಬ್ಬಾಳ ದಾಟುವವರೆಗೂ ಹಾರ ತೆಗೆಯಲು ಬಿಡದೆ ಎರಡು ಗಾಡಿಯಲ್ಲಿ ಏರ್‌ಪೋರ್ಟಿಗೆ ಕರೆದುಕೊಂಡು ಹೋದೆವು. ಅಲ್ಲಿ ನೀವು, "ಏಜೆಂಟು ಒಳಗೆ ಟಿಕೆಟ್ ಹಿಡ್ಕೊಂಡು ಕಾಯ್ತಿದಾನೆ, ನೀವೆಲ್ಲ ಹೊರಡಿ" ಎಂದು ಅವಸರ ಮಾಡಿ ನಮ್ಮನ್ನು ಕಳಿಸಿದಿರಿ. ಆ ಫ್ಲೆಕ್ಸ್ ಈಗ ಕೊಟ್ಟಿಗೆಯ ಸೂರಿನ ಮೇಲಿದೆ, ಸೋರುತ್ತಿತ್ತು ಎಂದು ಹೊದಿಸಿದೆ. ನಿಮ್ಮ ಮುಖ ಒಳಗಡೆಗೆ ಬಂದಿದೆ. ಹಸು ದಿನಾ ನೋಡುತ್ತದೆ.

ಇನ್ನು ಅತ್ತೆಯ ವಿಷಯ. ಅವರು ತೀರಿಕೊಂಡ ದಿನದ ಮಾತನ್ನು ನಾವಿಬ್ಬರೂ ಇಲ್ಲಿಯವರೆಗೆ ಎತ್ತಿಲ್ಲ. "ಭೀಮಾ ಬಂದ್ನಾ, ಬಂದ್ನಾ" ಎಂದು ಕೊನೆಯ ದಿನವೂ ಬಾಗಿಲು ನೋಡಿದರು. ಫೋನು ಮಾಡಿದರೆ ರಜೆ ಸಿಗುವುದಿಲ್ಲ ಎಂದು ಗೋಳೋ ಎಂದು ಅತ್ತಿರಿ. ಕೆರೆಯ ಪಕ್ಕದ ಸ್ಮಶಾನದಲ್ಲಿ ಗುಂಡಿ ತೋಡಿಸಿ, ಮಗ ಇಲ್ಲವಲ್ಲ ಎಂದು ಧನು ಕೈಯಿಂದಲೇ ಮೊದಲ ಹಿಡಿ ಮಣ್ಣು ಹಾಕಿಸಿದರು. ಅಪ್ಪ ನೋಡಲಿ ಎಂದು ಅವಳು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಣ್ಣು ಹಾಕಿದಳು. ನಿಮ್ಮ ಮುಖ ಕಾಣಿಸಲಿಲ್ಲ, "ಕ್ಯಾಮೆರಾ ಹೋಗಿದೆ, ಬರೀ ಮಾತು ಬರುತ್ತೆ" ಎಂದಿರಿ. ಇಲ್ಲಿ ಬಾರಿಸುತ್ತಿದ್ದ ತಮಟೆ ಫೋನಿನೊಳಗಿಂದಲೂ ಕೇಳಿಸುತ್ತಿತ್ತು. ನೆಟ್‌ವರ್ಕ್ ಹಾಗೆ ಮಾಡುತ್ತದೆ ಎಂದುಕೊಂಡೆ. ಕಾಂಪೌಂಡಿನಾಚೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಒಬ್ಬ ನಿಂತಿದ್ದ. ಆ ಬಿಸಿಲಿನಲ್ಲೂ ಹೆಲ್ಮೆಟ್ ತೆಗೆದಿರಲಿಲ್ಲ. ಹೆಣಕ್ಕೂ ಮರ್ಯಾದೆ ಕೊಡುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಬರುವ ಭಾನುವಾರ ಮಹಾಲಯ ಅಮಾವಾಸ್ಯೆ. ಅತ್ತೆ ಹೋದ ಮೇಲೆ ಬರುತ್ತಿರುವ ಮೊದಲ ಪಕ್ಷ. ಅವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಸೀರೆಯಿಟ್ಟು ಎಡೆ ಹಾಕಬೇಕು. "ಮಗ ಇಲ್ದಲೆ ಎಡೆ ಎಂಗಮ್ಮಾ ಇಡದು?" ಎಂದು ಚಿಕ್ಕಮಾವ ದಿನಾ ಬಂದು ಕೇಳುತ್ತಾರೆ. ನಾನು ಕಾಫಿ ಕೊಟ್ಟು ಕಳಿಸುತ್ತಿದ್ದೇನೆ.

ಮೈ ಕಡೆ ನೋಡಿಕೊಳ್ಳಿ. ಬಿಪಿ ಮಾತ್ರೆ ತಪ್ಪಿಸಬೇಡಿ. ನಮ್ಮ ಮುನೇಶ್ವರ ನಿಮ್ಮನ್ನು ಎಲ್ಲಿದ್ದರೂ ಕಾಯಲಿ, ಒಳ್ಳೆ ಬುದ್ಧಿಯನ್ನೂ ಕೊಡಲಿ.

ನಿಮ್ಮ,
ವನಿತಾ

ಮರೆತದ್ದು: ಈ ಕಾಗದ ಹೇಗೆ ತಲುಪುತ್ತದೆ ಎಂದು ಹೇಳುತ್ತೇನೆ ಎಂದಿದ್ದೆ. ಇದಕ್ಕೆ ಸ್ಟಾಂಪು ಹಚ್ಚಿಲ್ಲ. ಮತ್ತಿಕೆರೆಯಲ್ಲಿ ಕಾಡಪ್ಪನವರ ಮೆಸ್ಸಿನ ಮೇಲಿರುವ ನಿಮ್ಮ ರೂಮಿನ ಬಾಗಿಲ ಕೆಳಗೆ ನಾನೇ ತೂರಿಸುತ್ತಿದ್ದೇನೆ.

ಹೋದ ವಾರ ನನ್ನ ತಮ್ಮ ನಿರಂಜನ್ ಆ ಮೆಸ್ಸಿನಿಂದ ಬಸ್ಸಾರು ಪಾರ್ಸೆಲ್ ತಂದು, "ಅಕ್ಕಾ, ಏನೂ ಕೇಳ್ಬೇಡ, ತಿಂದು ನೋಡು" ಎಂದ. ಬಸ್ಸಾರಿಗೆ ಹುಚ್ಚೆಳ್ಳು ಹುರಿದು ಹಾಕುತ್ತಿದ್ದವರು ಅತ್ತೆ ಒಬ್ಬರೇ, ಅದನ್ನು ಕಲಿತವರು ನೀವೊಬ್ಬರೇ. ಮೊದಲ ತುತ್ತಿಗೇ ಗೊತ್ತಾಯಿತು. ಮಾರನೇ ದಿನ ಎದುರಿನ ಬೇಕರಿಯಲ್ಲಿ ನಿಂತು ನೋಡಿದೆ. ಬನಿಯನ್ ಹಾಕಿಕೊಂಡು ಕಾಲೇಜು ಹುಡುಗರಿಗೆ ಮುದ್ದೆ ಕಟ್ಟುತ್ತಿದ್ದಿರಿ. ಸುತ್ತಮುತ್ತ ಯಾವಳೂ ಇರಲಿಲ್ಲ. ಖುಷಿಯಾಯಿತು ಕಣ್ರೀ, ಆಮೇಲೆ ಕೆಟ್ಟ ಸಿಟ್ಟು ಬಂತು. ನೀವು ಮೇಲೆ ಹೋದ ನಂತರ ಕಾಡಪ್ಪನವರನ್ನು ಕೇಳಿದೆ. ಏಜೆಂಟು ಏರ್‌ಪೋರ್ಟಿಗೇ ಬರಲಿಲ್ಲವಂತೆ, ಟಿಕೆಟ್ ಇಲ್ಲವೆಂದು ಬಾಗಿಲಿನಿಂದಲೇ ನಿಮ್ಮನ್ನು ವಾಪಸ್ ಕಳಿಸಿದರಂತೆ. ಫ್ಲೆಕ್ಸ್ ಕಟ್ಟಿಸಿಕೊಂಡು ಹೋದವನು ಯಾವ ಮುಖ ಹೊತ್ತು ಬರಲಿ ಎಂದು ಅವರ ಮುಂದೆ ಅತ್ತಿರಂತೆ. ನನ್ನ ಮುಂದೆ ಅಳಬಹುದಿತ್ತು.

ಮೋಸ ಹೋದದ್ದಕ್ಕೆ ನನಗೆ ನೋವಿಲ್ಲ. ಯಾರು ಬೇಕಾದರೂ ಮೋಸ ಹೋಗುತ್ತಾರೆ. ಆ ರಾಯಭಾರಿಯನ್ನಾದರೂ ಶತ್ರುಗಳು ಕೂಡಿಹಾಕಿದ್ದರು, ಯುದ್ಧ ನಡೆಯುತ್ತಿತ್ತು. ನಿಮ್ಮನ್ನು ಕೂಡಿಹಾಕಿದ್ದು ಒಂದು ಫ್ಲೆಕ್ಸು. ಅದಕ್ಕೆ ಹೆದರಿ, ಹೆತ್ತ ತಾಯಿಗೆ ಮಣ್ಣು ಹಾಕುವಾಗ ಕಾಂಪೌಂಡಿನಾಚೆ ನಿಂತು, ಹೆಲ್ಮೆಟ್ಟಿನೊಳಗಿಂದ ಮಗಳ ಹತ್ತಿರ ಟೋಕಿಯೋದಲ್ಲಿದ್ದೇನೆ ಎಂದಿರಿ. ನಿಮ್ಮ ಪಾಲಿನ ಮಣ್ಣನ್ನು ಆ ಮಗು ಹಾಕಿತು. ಇದನ್ನು ಹೇಗೆ ಮರೆಯಬೇಕೋ ನನಗೆ ತಿಳಿಯುತ್ತಿಲ್ಲ. ಧನುಗೆ ಇನ್ನೂ ಹೇಳಿಲ್ಲ, ಅದನ್ನು ನೀವೇ ಹೇಳಬೇಕು.

ಭಾನುವಾರ ಎಡೆಗೆ ಬಸ್ಸಾರು ಆಗಬೇಕು. ನನಗೆ ಬರುವುದಿಲ್ಲ. ಎಲ್ಲರೂ ನೋಡಲಿ, ಹಗಲು ಹೊತ್ತಿನಲ್ಲೇ, ಹೆಲ್ಮೆಟ್ ತೆಗೆದು ಬನ್ನಿ.