ಕ್ಲೋರಿನ್‌ಗೆ ಬಗ್ಗದ ಹುಳ

ಮಾರ್ಚ್ 3, ಸೋಮವಾರ. ಬೆಳಗ್ಗೆ 5.20

ಪಂಪ್ ಶುರು. ಫಿಲ್ಟರ್ ತೊಳೆದಾಯಿತು. ಕಿಟ್‌ನಲ್ಲಿ ಕ್ಲೋರಿನ್ ನೋಡಿದ್ದಾಯಿತು, ಸರಿಯಾಗಿದೆ. ಆಮೇಲೆ ನನ್ನ ಗುರುಗಳು ಕಲಿಸಿದ ಪರೀಕ್ಷೆ — ಬೊಗಸೆಯಲ್ಲಿ ಕೊಳದ ನೀರು ತೆಗೆದು ಒಂದು ಗುಟುಕು. ಕಿಟ್ ಸುಳ್ಳು ಹೇಳಬಹುದು, ನಾಲಿಗೆ ಹೇಳುವುದಿಲ್ಲ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ದಿನಾ ಒಂದು ಗುಟುಕು... ಈ ಈಜುಕೊಳದಲ್ಲಿ ಒಂದು ಮೂಲೆಯನ್ನಾದರೂ ನಾನೇ ಕುಡಿದು ಮುಗಿಸಿರಬೇಕು.

ಆರಕ್ಕೆ ಕಪ್ಪೆ ಬ್ಯಾಚ್. ನನ್ನ ಹತ್ತಿರ ಈಜು ಕಲಿಯುವ ಆರು ಜನ ಹೆಂಗಸರು, ಎಲ್ಲರಿಗೂ ಅರವತ್ತು ದಾಟಿದೆ. ಹೆಸರು ಅವರೇ ಇಟ್ಟುಕೊಂಡದ್ದು. 23ನೇ ತಾರೀಕು ಭಾನುವಾರ ಎಲ್ಲರೂ ಇಪ್ಪತ್ತೈದು ಮೀಟರ್ ದಾಟಬೇಕು. ಮನೆಮಂದಿಯನ್ನೆಲ್ಲ ಕರೆದಾಗಿದೆ. ಲೆಕ್ಕದ ಟೀಚರು (ರಿಟೈರ್ ಆಗಿದ್ದಾರೆ, ಗದರುವುದು ರಿಟೈರ್ ಆಗಿಲ್ಲ) ಇವತ್ತು ಹತ್ತು ಮೀಟರ್ ಬಂದರು. ಪೋಸ್ಟಮ್ಮ, ಅಂದರೆ ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವರು, ನೀರಿಗಿಂತ ಹೆಚ್ಚು ಸುದ್ದಿಯಲ್ಲೇ ಈಜಿದರು.

ಮಧ್ಯೆ ಮೂರು ಸಲ ನೀರಿನಿಂದ ಎದ್ದು ಓಡಿದೆ. ಹೊಟ್ಟೆ. ನಾಲ್ಕನೇ ವಾರ ಇದು. ಮತ್ತೆ ಇಳಿದೆ. ಕ್ಲೋರಿನ್ ಇರುವಾಗ ಯಾವ ಕ್ರಿಮಿಗೆ ಧೈರ್ಯ?

ಮಾರ್ಚ್ 6, ಗುರುವಾರ

ಸಿಕ್ಕಿಬಿದ್ದೆ. ಅಕ್ಕನದು ಇಸ್ತ್ರಿ ಅಂಗಡಿ, ನನ್ನ ಬಟ್ಟೆಯೂ ಅವಳ ಮೇಜಿನ ಮೇಲೇ.

"ಬೆಲ್ಟಿಗೆ ಎರಡು ಹೊಸ ತೂತು. ಸೊಂಟ ಎಲ್ಲಿಟ್ಟು ಬಂದೆ?"

"ಈಜಿ ಈಜಿ ಕರಗಿದೆ ಅಕ್ಕ."

"ಇಪ್ಪತ್ತೆರಡು ವರ್ಷದಿಂದ ಕರಗದ್ದು ಈಗ ಕರಗ್ತಾ? ಮಾತ್ರೆ ತಗೊಳ್ತಿದೀಯ ತಾನೆ?"

"ಹೂಂ."

ಸುಳ್ಳು. ಇಲ್ಲಾದರೂ ನಿಜ ಬರೆಯುತ್ತೇನೆ. ಎಂಟು ವರ್ಷದಿಂದ ಎಚ್‌ಐವಿ ಇದೆ, ಅಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಾತ್ರೆ ನುಂಗುತ್ತಾ ಗುಂಡುಕಲ್ಲಿನ ಹಾಗೆ ಇದ್ದೆ. ಹೋದ ಜುಲೈನಲ್ಲಿ ಮಾತ್ರೆ ತರಲು ಕ್ಲಿನಿಕ್ಕಿಗೆ ಹೋಗುವ ದಿನ ಒಂದು ತಪ್ಪಿತು, ಕೊಳದಲ್ಲಿ ಪಂಪ್ ಕೆಟ್ಟಿತ್ತು. ಮುಂದಿನ ಸಲ ಹೋದರೆ ಬೈಯುತ್ತಾರೆ ಅಂತ ಹೋಗಲಿಲ್ಲ. ಅದರ ಮುಂದಿನ ಸಲ ಇನ್ನೂ ಜಾಸ್ತಿ ಬೈಯುತ್ತಾರೆ ಅಂತ... ಹೀಗೇ ಎಂಟು ತಿಂಗಳು. ಮೈ ಚೆನ್ನಾಗಿಯೇ ಇತ್ತಲ್ಲ!

ಮಾರ್ಚ್ 8, ಶನಿವಾರ

ಅಕ್ಕ ನನ್ನ ಬೀರು ತೆಗೆದಳು. ಖಾಲಿ ಡಬ್ಬಿ, ಅದರ ಮೇಲಿನ ತಾರೀಕು. ಹದಿನಾಲ್ಕು ಅಂಗಿ ಇಸ್ತ್ರಿ ಮಾಡಿದಳು, ಒಂದೊಂದಕ್ಕೂ ನನಗೆ ಕೊಡಬೇಕಾದ ಏಟು ಕೊಡುತ್ತಾ. ಹದಿನೈದನೆಯದಕ್ಕೆ ಅತ್ತಳು. ನಾನೂ ಅತ್ತೆ, ಅರ್ಧಕ್ಕೆ ನಿಲ್ಲಿಸಿ ಓಡಬೇಕಾಯಿತು. ಬಚ್ಚಲ ಬಾಗಿಲ ಹೊರಗಿನಿಂದ ಅವಳ ದನಿ — "ಸೋಮವಾರ ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೆ ಇಸ್ತ್ರಿಪೆಟ್ಟಿಗೆ ಬಿಸಿಯಾಗೇ ಇದೆ!"

ಮಾರ್ಚ್ 10, ಸೋಮವಾರ

ಡಾಕ್ಟರಮ್ಮ ಬೈಯಲೇ ಇಲ್ಲ. ಎಂಟು ತಿಂಗಳು ಹೆದರಿದ್ದು ದಂಡ.

"ಎಷ್ಟು ದಿನದಿಂದ ಭೇದಿ?"

"ಐದು ವಾರ ಆಗ್ತಾ ಬಂತು ಮೇಡಂ."

"ಅಷ್ಟು ದಿನ ಏನ್ ಮಾಡ್ತಿದ್ರಿ?"

"ಓಡಾಡ್ತಿದ್ದೆ ಮೇಡಂ."

ನಕ್ಕುಬಿಟ್ಟರು. ದಿನಕ್ಕೆ ಹನ್ನೊಂದು ಸಲ ಅಂದಾಗ ನಗು ನಿಂತಿತು. ಮೊದಲೇ ನಮ್ಮ ಬೀದಿಯ ಲ್ಯಾಬಿನಲ್ಲಿ ಮಾಡಿಸಿದ್ದ ರಿಪೋರ್ಟ್ ತೋರಿಸಿದೆ — ಮಲ ಪರೀಕ್ಷೆ, ಏನೂ ಇಲ್ಲ ಅಂತ ಇತ್ತು. "ಮಾಮೂಲಿ ಪರೀಕ್ಷೆಲಿ ಕೆಲವು ಕಾಣಲ್ಲ. ಬೇರೆ ಬಣ್ಣ ಹಾಕಿ ನೋಡ್ಬೇಕು, ಡಾಕ್ಟರೇ ಲ್ಯಾಬಿಗೆ ಬರೆದು ಕೇಳ್ಬೇಕು" ಅಂದರು. ಡಬ್ಬಿ ಕೊಟ್ಟರು. ಸ್ಯಾಂಪಲ್‌ಗೆ ಕಾಯಬೇಕಾಗಲಿಲ್ಲ! ರಕ್ತವನ್ನೂ ತೆಗೆದರು. ಉಪ್ಪು-ಸಕ್ಕರೆ ಪುಡಿಯ ಪ್ಯಾಕೆಟ್ ಒಂದು ಚೀಲ.

ಮಾರ್ಚ್ 13, ಗುರುವಾರ

ಕ್ರಿಪ್ಟೋಸ್ಪೊರಿಡಿಯಮ್. ಹೆಸರು ಕೇಳಿದರೆ ಎದ್ದು ಕುರ್ಚಿ ಕೊಡಬೇಕು ಅನ್ನಿಸುತ್ತದೆ. ಲ್ಯಾಬಿನವರು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನೀಲಿ ಬಯಲಲ್ಲಿ ಕೆಂಪು ಚುಕ್ಕೆಗಳು, ಸಾಸಿವೆ ಚೆಲ್ಲಿದ ಹಾಗೆ. ನೋಡೋಕೆ ಮುದ್ದಾಗಿಯೇ ಇವೆ, ಹಾಳಾದವು.

ಕರುಳಿನ ಹುಳ. ಗಟ್ಟಿಮುಟ್ಟಾದವರಿಗೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದಂತೆ. ನನ್ನ ಸಿಡಿ4, ಅಂದರೆ ರೋಗ ತಡೆಯುವ ಕಣಗಳ ಲೆಕ್ಕ, ಐನೂರಾದರೂ ಇರಬೇಕಾದದ್ದು ಎಂಬತ್ತನಾಲ್ಕು — ಮನೆ ಕಾಯುವವರೇ ಇಲ್ಲ, ಬಂದವರು ಟೆಂಟ್ ಹಾಕಿದ್ದಾರೆ. "ಇದಕ್ಕೆ ಕೊಡೋ ಔಷಧಿ ಸ್ವಲ್ಪ ಸಹಾಯ ಮಾಡಬಹುದು. ಆದ್ರೆ ನಿಜವಾದ ಔಷಧಿ ನೀವು ಬಿಟ್ಟ ಮಾತ್ರೆನೇ. ಇವತ್ತಿಂದ ಮತ್ತೆ ಶುರು. ಸಂಜೆ ಏಳಕ್ಕೆ, ದಿನಾ" ಅಂದರು ಡಾಕ್ಟರಮ್ಮ. ಕುದಿಸಿದ ನೀರು. ಸೋಪು ಹಚ್ಚಿ ಕೈ ತೊಳೆಯಬೇಕು, ಸ್ಯಾನಿಟೈಸರ್‌ಗೆಲ್ಲ ಇದು ಸಾಯಲ್ಲ.

"ನಿಮ್ಮ ಕೆಲಸ?"

"ಈಜುಕೊಳದಲ್ಲಿ ಮಾಸ್ಟರು."

ಪೆನ್ನು ಕೆಳಗಿಟ್ಟರು. ಈ ಹುಳಕ್ಕೆ ಚಿಪ್ಪಿದೆಯಂತೆ. ಕೊಳದಲ್ಲಿ ಹಾಕುವಷ್ಟು ಕ್ಲೋರಿನ್‌ನಲ್ಲಿ ದಿನಗಟ್ಟಲೆ ಬದುಕುತ್ತದಂತೆ. ಭೇದಿ ಇರುವವರು ಇಳಿದರೆ ನೀರಿಗೆ ಬರುತ್ತದೆ, ಬೇರೆಯವರು ಒಂದು ಗುಟುಕು ನುಂಗಿದರೆ ಸಾಕು. ಭೇದಿ ನಿಂತ ಮೇಲೂ ಎರಡು ವಾರ ನೀರಿಗೆ ಇಳಿಯಬಾರದು.

ನಾನು ಬೆಳಗ್ಗೆ ಕುಡಿಯುವ ಗುಟುಕಿನ ವಿಷಯ ಹೇಳಿದೆ. ಡಾಕ್ಟರಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಾನು ನೀರಿನಿಂದ ತಂದುಕೊಂಡೆನೋ, ನೀರಿಗೆ ಕೊಟ್ಟೆನೋ, ಯಾರಿಗೂ ಗೊತ್ತಾಗುವ ಹಾಗಿಲ್ಲ. ಐದು ವಾರ ಇಳಿದಿದ್ದೇನೆ.

ಮಾರ್ಚ್ 14, ಶುಕ್ರವಾರ

ಕಾಲು ಉಳುಕಿದೆ ಅಂದೆ. ದಡದಲ್ಲೇ ನಿಂತು ಕಲಿಸಿದೆ. ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. 23ರ ಕಾರ್ಯಕ್ರಮ ಹೋಗುತ್ತದೆ. ಯಾಕೆ ಇಷ್ಟು ದಿನವಾದರೂ ವಾಸಿಯಾಗಿಲ್ಲ ಅಂತ ಒಬ್ಬರು ಕೇಳಿದರೆ ಎಲ್ಲ ಬಯಲಾಗುತ್ತದೆ. ಆಮೇಲೆ ಈ ಹೆಂಗಸರು ನಾನಿರುವ ನೀರಿಗೆ ಮತ್ತೆ ಇಳಿಯುತ್ತಾರಾ?

ಲೆಕ್ಕದ ಟೀಚರು ಬರಲಿಲ್ಲ. ನಾಲ್ಕು ದಿನವಾಯಿತು. ಶೀತ ಇರಬೇಕು ಅಂದುಕೊಂಡಿದ್ದೆ.

"ಹೊಟ್ಟೆ ಕೆಟ್ಟಿದೆಯಂತೆ ಪಾಪ" ಅಂದರು ಪೋಸ್ಟಮ್ಮ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಮಾರ್ಚ್ 15, ಶನಿವಾರ

ಮ್ಯಾನೇಜರಿಗೆ ಹೇಳಿದೆ. ಎಚ್‌ಐವಿ ವಿಷಯ ಅಲ್ಲ, ಹುಳದ ವಿಷಯ. ಒಳ್ಳೆಯ ಮನುಷ್ಯ, ಆದರೆ ಕೊಳದ ಸಮಿತಿಯ ಅಧ್ಯಕ್ಷರ ಹೆಸರು ಕೇಳಿದರೆ ನಿಂತಲ್ಲೇ ಬೆವರುತ್ತಾರೆ.

"ಮಾಸ್ಟ್ರೇ, ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟು ದೊಡ್ಡ ಕೊಳ ಮುಚ್ಚೋದಾ? ಆಹ್ವಾನ ಅಚ್ಚಾಗಿದೆ, ಅಧ್ಯಕ್ಷರು ಬರ್ತಾರೆ. ಇಪ್ಪತ್ಮೂರು ಕಳೀಲಿ, ಇಪ್ಪತ್ನಾಲ್ಕಕ್ಕೆ ಮುಚ್ಚೋಣ. ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊಳಿ."

ಬೀಗ ಅಂದಾಗ ನೆನಪಾಯಿತು. ಗೇಟಿನ ಬೀಗದ ಕೈ ಇರುವುದು ನನ್ನ ಹತ್ತಿರ.

ಮಾರ್ಚ್ 16, ಭಾನುವಾರ. ಬೆಳಗ್ಗೆ 7

ಗೇಟಿಗೆ ಬೀಗ ಜಡಿದು ರಟ್ಟು ತೂಗುಹಾಕಿದೆ. "ನನಗೆ ಭೇದಿ ಇದ್ದಾಗ ಕೊಳಕ್ಕೆ ಇಳಿದಿದ್ದೆ. ರೋಗದ ಹುಳ ನೀರಿನಲ್ಲಿ ಇರಬಹುದು. ನೀರು ಶುದ್ಧವಾಗುವವರೆಗೆ ಮುಚ್ಚಿದೆ. ಹೊಟ್ಟೆ ಕೆಟ್ಟವರು ಡಾಕ್ಟರಿಗೆ ಹೇಳಿ. — ಮಾಸ್ಟರು."

ಕಪ್ಪೆ ಬ್ಯಾಚ್ ಬಂತು, ಟೋಪಿ ಹಾಕಿಕೊಂಡೇ. ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ.

ಪೋಸ್ಟಮ್ಮ — "ಮೂವತ್ತು ವರ್ಷ ಜನರ ಕಾಗದ ನೋಡಿದೀನಿ. ಭೇದಿ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದವ್ರನ್ನ ನೋಡಿರ್ಲಿಲ್ಲ."

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಐವರೂ ಗೇಟು ಹಿಡಿದುಕೊಂಡು ನಕ್ಕರು. ಮ್ಯಾನೇಜರು ಓಡಿ ಬಂದಾಗ ಪೋಸ್ಟಮ್ಮನೇ ತಡೆದು ನಿಂತರು. "ಕೌಂಟರ್ ಕ್ಲೋಸ್!"

ಮಾರ್ಚ್ 26, ಬುಧವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವ ಕೈಯಲ್ಲಿ ಲೋಟ ಇತ್ತು. ಕುಡಿ, ಓಡು, ಕುಡಿ, ಓಡು. ಎರಡು ರಾತ್ರಿ ಡ್ರಿಪ್ ಕೂಡ ಹಾಕಿದರು. ಕೆಲಸ ಹೋಗಿಲ್ಲ, ರಜೆ. 23ರ ಕಾರ್ಯಕ್ರಮ ನಿಂತಿತು. ಆರೋಗ್ಯ ಇಲಾಖೆಯವರು ಬಂದು, ಮಾಮೂಲಿಗಿಂತ ಎಷ್ಟೋ ಪಟ್ಟು ಕ್ಲೋರಿನ್ ಸುರಿದು, ಗಂಟೆಗಟ್ಟಲೆ ಹಾಗೇ ಬಿಟ್ಟು, ಫಿಲ್ಟರನ್ನೂ ತೊಳೆಸಿದರಂತೆ. ಮುಚ್ಚಿದ್ದು ಸರಿ ಅಂದರಂತೆ. ಈಗ ಮ್ಯಾನೇಜರು ಎಲ್ಲರ ಹತ್ತಿರ "ನಾನೇ ಮುಚ್ಚಿಸಿದೆ" ಅನ್ನುತ್ತಿದ್ದಾರೆ. ಅನ್ನಲಿ ಬಿಡಿ.

ಇವತ್ತು ಲೆಕ್ಕದ ಟೀಚರು ನೋಡಲು ಬಂದರು. ಗುಣವಾಗಿದ್ದಾರೆ! ಕ್ಷಮೆ ಕೇಳಿದೆ. ಕೈ ಬೀಸಿದರು. ಅಕ್ಕ ಟೀ ಕೊಟ್ಟಳು. ಅರ್ಧ ಕುಡಿದು ಶುರು ಮಾಡಿದರು.

"ನನಗೆ ಎಂಟು ದಿನದಲ್ಲಿ ಹೋಯ್ತು. ನಿಮಗೆ ಏಳು ವಾರ ಆದ್ರೂ ಹೋಗಿಲ್ಲ. ಒಂದೇ ಹುಳ, ಉತ್ತರ ಎರಡು. ಮಧ್ಯೆ ಯಾವ ಸ್ಟೆಪ್ ನುಂಗಿದ್ದೀರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ. ಎಚ್‌ಐವಿ, ಮಾತ್ರೆ, ಎಂಟು ತಿಂಗಳು, ಎಲ್ಲ. ಹೇಳುತ್ತಾ ಅವರ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತಿದ್ದೆ, ಕೆಳಗಿಡುತ್ತಾರಾ ಅಂತ. ಪೂರ್ತಿ ಕುಡಿದರು. ಇನ್ನೊಂದು ಕಪ್ ಕೇಳಿದರು.

"ಮಾತ್ರೆ ಯಾಕೆ ಬಿಟ್ರಿ?"

"ಹೋದ್ರೆ ಬೈತಾರೆ ಅಂತ..."

"ಬೈಸಿಕೊಳ್ಳೋಕೆ ಹೆದರಿ ಸಾಯೋಕೆ ಹೊರಟಿದ್ರಾ? ದಡ್ಡ ಶಿಖಾಮಣಿ!"

ಎಂಟು ತಿಂಗಳು ತಪ್ಪಿಸಿಕೊಂಡ ಬೈಗುಳವೆಲ್ಲ ಒಟ್ಟಿಗೆ ಬಿತ್ತು. ಎಷ್ಟು ಹಗುರಾಯಿತು ಅಂದರೆ ನಂಬಲಾರೆ.

ಮಾರ್ಚ್ 27, ಗುರುವಾರ

ಸಂಜೆ ಏಳಕ್ಕೆ ಸರಿಯಾಗಿ ಫೋನ್. ಎರಡು ರಿಂಗ್, ಕಟ್. ಟೀಚರು. ಅಕ್ಕ ಮಾತ್ರೆ, ಕುದಿಸಿ ಆರಿಸಿದ ನೀರು ಹಿಡಿದು ಆಗಲೇ ಎದುರು ನಿಂತಿದ್ದಳು. ಇಬ್ಬರ ಮಧ್ಯೆ ಸಿಕ್ಕಿದ ನನಗೆ ಬದುಕದೆ ಬೇರೆ ದಾರಿಯೇ ಇಲ್ಲ.

ಏಪ್ರಿಲ್ 19, ಶನಿವಾರ

ದಿನಕ್ಕೆ ನಾಲ್ಕು. ಹನ್ನೊಂದರಿಂದ ನಾಲ್ಕು! ಕೊಳ ತೆರೆದು ವಾರಗಳಾದವು. ನನ್ನ ಬದಲು ಮ್ಯಾನೇಜರೇ ಕಪ್ಪೆ ಬ್ಯಾಚಿಗೆ ಇಳಿಯುತ್ತಿದ್ದಾರಂತೆ. ಅವರು ಇಳಿದ ಕೂಡಲೇ ನೀರು ದಡ ದಾಟಿ ಚಪ್ಪಲಿಗಳೆಲ್ಲ ತೇಲುತ್ತವಂತೆ. ನಕ್ಕು ನಕ್ಕು ಐದನೇ ಸಲ ಓಡಿದೆ.

ಮೇ 6, ಮಂಗಳವಾರ

ಗಟ್ಟಿ!!

ಅಕ್ಕನಿಗೆ ಕೂಗಿ ಹೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳೂ ಕೂಗಿದಳು — "ನಿಜವಾಗ್ಲೂ?" ನಲವತ್ತೇಳು ವರ್ಷದ ಗಂಡಸಿಗೆ ಇಷ್ಟು ಹೆಮ್ಮೆ ಇನ್ಯಾವುದಕ್ಕೂ ಆಗಿರಲಿಲ್ಲ.

ಮೇ 22, ಗುರುವಾರ

ಸಿಡಿ4 ನೂರ ಎಪ್ಪತ್ತೆಂಟು. ತೂಕ ನಾಲ್ಕು ಕೆಜಿ ವಾಪಸ್. ಭೇದಿ ನಿಂತು ಎರಡು ವಾರ ದಾಟಿದೆ, ಮತ್ತೆ ಮಾಡಿದ ಪರೀಕ್ಷೆಯಲ್ಲಿ ಹುಳ ಕಾಣಲಿಲ್ಲ. "ಇಳೀಬಹುದು. ಆದ್ರೆ ನೀರು ಬಾಯಿಗೆ ಹೋಗ್ಬಾರ್ದು. ರುಚಿ ನೋಡಿದ್ರೆ ನಾನೇ ಬಂದು ಕಿವಿ ಹಿಂಡ್ತೀನಿ" ಅಂದರು ಡಾಕ್ಟರಮ್ಮ.

ಉಳಿದ ಐವರಿಗೂ ಹೇಳಬೇಕು ಅನ್ನಿಸುತ್ತಿದೆ. ಪೋಸ್ಟಮ್ಮ ನನಗೆ ಕ್ಯಾನ್ಸರ್ ಅಂತ ತೀರ್ಮಾನಿಸಿ ಕಣ್ಣೀರು ಹಾಕಿದ್ದಾರಂತೆ. ಟೀಚರಿಗೆ ಫೋನ್ ಮಾಡಿ ಕೇಳಿದೆ.

"ಹೇಳ್ಲೇಬೇಕು ಅಂತೇನಿಲ್ಲ. ಅದು ನಿಮ್ಮ ವಿಷಯ, ನಿಮ್ಮಿಷ್ಟ."

ನನ್ನಿಷ್ಟವೇ. ನನ್ನ ಮೇಲೆ ಭಾರ ಬಿಟ್ಟು ನೀರಲ್ಲಿ ಮಲಗುವವರ ಹತ್ತಿರ ಸುಳ್ಳು ಹೇಳಿ ನಿಲ್ಲಲಾರೆ.

ಮೇ 23, ಶುಕ್ರವಾರ

ಹೇಳಿದೆ. ದಡದ ಕುರ್ಚಿಗಳಲ್ಲಿ ಆರು ಜನ, ಎದುರಿಗೆ ನಾನು. ಯಾರೂ ನಗಲಿಲ್ಲ ಈ ಸಲ.

ಪೋಸ್ಟಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ಸ್ವಲ್ಪವೇ. ಸದ್ದು ಕೇಳಿಸಿತು. "ನೀರಿಂದ ಬರತ್ತಾ ಅದು?"

"ಎಚ್‌ಐವಿ ನೀರಿಂದ ಬರಲ್ಲ. ಮುಟ್ಟಿದ್ರೂ ಬರಲ್ಲ."

"ಸರಿ" ಅಂದರು. ಚೀಲ ತೆಗೆದುಕೊಂಡು ಹೊರಟರು. ಉಳಿದವರೂ ಒಬ್ಬೊಬ್ಬರೇ. ಟೀಚರು ಮಾತ್ರ ಕೊನೆಯವರೆಗೆ ಇದ್ದು, "ಭಾನುವಾರ ಆರೂವರೆಗೆ. ನೀವು ಬನ್ನಿ. ಉಳಿದದ್ದು ನೋಡೋಣ" ಅಂದರು.

ಹೇಳಬಾರದಿತ್ತು. ಇಲ್ಲ, ಹೇಳಿದ್ದು ಸರಿ. ಇಲ್ಲ... ಅಕ್ಕ ಹೇಳುತ್ತಾಳೆ, ಯಾರೂ ಬರದಿದ್ದರೆ ಅವಳೇ ಇಳಿಯುತ್ತಾಳಂತೆ, ಸೀರೆ ಎತ್ತಿಕಟ್ಟಿ. ಅವಳಿಗೆ ಈಜು ಬರುವುದಿಲ್ಲ.

ಮೇ 25, ಭಾನುವಾರ. ಬೆಳಗ್ಗೆ 6.25

ದಡದ ಬೆಂಚು. ಕೊಳ ಖಾಲಿ. ಕೈಗೆ ಕೆಲಸ ಬೇಕು ಅಂತ ಬರೆಯುತ್ತಿದ್ದೇನೆ. ಮ್ಯಾನೇಜರು ಆಗಲೇ ಎರಡು ಸಲ ಗೇಟಿನ ಹತ್ತಿರ ಹೋಗಿ ಬಂದರು, ಅವರಿಗೇನು ಗೊತ್ತೋ ಏನೋ.

6.32

ಟೀಚರು ಬಂದರು. ಒಬ್ಬರೇ.

6.38

ಇನ್ನೂ ಮೂವರು. ಮಾಮೂಲಿನಂತೆ ಟೋಪಿಗೆ ಜಗಳ. ಒಬ್ಬರು ಮಗನ ಕೈಲಿ ಹೇಳಿಕಳಿಸಿದ್ದಾರೆ, ಇನ್ನು ಬರುವುದಿಲ್ಲವಂತೆ. ನೋವಾಯಿತು, ನಿಜ. ಪೋಸ್ಟಮ್ಮ ಕಾಣುತ್ತಿಲ್ಲ.

6.45

ನಾಲ್ವರೂ ನೀರಲ್ಲಿ. ನಾನಿನ್ನೂ ಬೆಂಚಲ್ಲಿ. ಇಳಿ ಅಂತ ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದೇನೆ, ಮದುವಣಗಿತ್ತಿಯ ಹಾಗೆ. ಗೇಟಲ್ಲಿ ಸದ್ದು. ಪೋಸ್ಟಮ್ಮ! ಏದುಸಿರು. ನನ್ನ ಹತ್ತಿರ ಬರಲಿಲ್ಲ, ಸೀದಾ ಮೆಟ್ಟಿಲಿಗೆ ಹೋದರು. ಇಳಿದರು. ಎದೆಮಟ್ಟದ ನೀರಲ್ಲಿ ನಿಂತು ಈ ಕಡೆ ತಿರುಗಿದ್ದಾರೆ.

"ಎರಡು ದಿನ ಮಗಳ ಡಾಕ್ಟರ ಹತ್ರ, ನಮ್ಮ ಡಾಕ್ಟರ ಹತ್ರ, ಎಲ್ಲರ ಹತ್ರ ಕೇಳ್ದೆ ಮಾಸ್ಟ್ರೇ. ನಿಮ್ಮ ಹೆಸರು ಹೇಳಿಲ್ಲ. ಎಲ್ರೂ ಒಂದೇ ಉತ್ತರ ಕೊಟ್ರು. ಕುರ್ಚಿ ಹಿಂದೆ ಎಳ್ದಿದ್ದು ತಪ್ಪಾಯ್ತು. ಈಗ ಅಲ್ಲೇ ಕೂತು ಬರೀತಿರ್ತೀರೋ, ನಾನು ಮುಳುಗಿ ಹೋದ್ಮೇಲೆ ಬರ್ತೀರೋ?"

ಅಂದವರೇ ನಿಜವಾಗಿಯೂ ಕಾಲು ಎತ್ತಿಬಿಟ್ಟರು. ಅಯ್ಯೋ, ಮಹಾತಾಯಿ, ನಾನಿನ್ನೂ ಅಂಗಿ ಬಿಚ್ಚಿ—