ಬಲಗಡೆಯ ಕಾಲಂ

ಜುಲೈ 8, ಸೋಮವಾರ
ಮತ್ತೆ ಅದೇ ನಾಲ್ಕು ನಿಮಿಷದ ಸಿನಿಮಾ ತುಣುಕು. ಒಂಬತ್ತನೇ ಸಲ. ಪುಲಿಕೇಶಿನಗರದ ಟ್ಯೂಷನ್ ಸೆಂಟರಿನ ಹಿಂದಿನ ಕೋಣೆ, ಒಂದೇ ಕಿವಿಗೆ ಕೇಳುವ ಹೆಡ್‌ಫೋನ್, ಕೆಳಗಿನಿಂದ ಕಬಾಬಿನ ಹೊಗೆ. ಮೀಡಿಯಾ ಓದುವ ಮಕ್ಕಳಿಗೆ ಮಾದರಿ ಉತ್ತರ ತಯಾರಿಸುವುದು ನನ್ನ ಕೆಲಸ. ಎಂ.ಎ. ಮಾಡಿದ್ದು ಇದಕ್ಕೆ.

ಸೂಪರ್‌ಹೀರೋ ಸಿನಿಮಾದ ಆರಂಭ. ಇದು ಯಾವ ಪ್ರಕಾರ ಎಂದು ಹೇಗೆ ಗೊತ್ತಾಗುತ್ತದೆ? ಸುಲಭ — ಆಕಾಶದಿಂದ ನಗರ, ಗಾಜಿನ ಕಟ್ಟಡ, ಬೆನ್ನ ಮೇಲೆ ಹಾರಾಡುವ ಬಟ್ಟೆ, ಕಿವಿ ಹರಿಯುವ ಸಂಗೀತ. ಆಮೇಲೆ ಬೈನರಿಗಳ, ಅಂದರೆ ಎದುರುಬದುರು ಜೋಡಿಗಳ ಪಟ್ಟಿ. ಎಡಗಡೆ ಒಳ್ಳೆಯದು, ಬಲಗಡೆ ಕೆಟ್ಟದ್ದು. ಮೇಲೆ–ಕೆಳಗೆ. ಬಿಳಿ–ಕಪ್ಪು. ಒಬ್ಬ–ಗುಂಪು. ಬೂಟು–ಬರಿಗಾಲು.

ಬರಿಗಾಲು ಎಂದು ಟೈಪ್ ಮಾಡುವಾಗ ಹೇಸಿಗೆಯಾಯಿತು. ಸಿನಿಮಾಕ್ಕಲ್ಲ, ಅದು ಎಷ್ಟು ಸಲೀಸಾಗಿ ಪಟ್ಟಿಯಲ್ಲಿ ಕೂತಿತಲ್ಲ, ಅದಕ್ಕೆ.

ಸೆಂಟರ್ ನಡೆಸುವ ನಂದಿತಾ ಮೇಡಂ ಬಗ್ಗಿ ನೋಡಿದರು. "ಸೂಪರ್ ಜಯಮಾಲಾ. ಇನ್ನೆರಡು ಪೇರ್ ಹುಡುಕಿ. ನೆಕ್ಸ್ಟ್ ಮಂಡೇ ಪ್ರಿಂಟ್‌ಗೆ ಹೋಗ್ಬೇಕು."

ಜುಲೈ 9
ಮೂರನೇ ನಿಮಿಷದಲ್ಲಿ ನಿಲ್ಲಿಸಿದೆ. ಉರಿಯುವ ಟೈರು, ಅದರ ಹಿಂದೆ ಖಳನ ಗುಂಪು. ಎಡದಿಂದ ಮೂರನೆಯ ಮುಖ, ಓಡುವಾಗ ಒಂಬತ್ತು ಸಲವೂ ಗುರುತಾಗದ್ದು — ಅಪ್ಪ.

ಹೋದ ವರ್ಷ ಕೂಲಿಗೆ ನಿಂತ ಜಾಗದಿಂದಲೇ ಶೂಟಿಂಗಿನವರು ಹನ್ನೆರಡು ಜನರನ್ನು ವ್ಯಾನಿನಲ್ಲಿ ಕರೆದೊಯ್ದಿದ್ದರು. ಮೈಗೆಲ್ಲ ಕರಿ ಗ್ರೀಸು. ಅಮ್ಮ ಎರಡು ದಿನ ಉಜ್ಜಿದರೂ ಹೋಗಲಿಲ್ಲ. ಉರಿಯುತ್ತಿದ್ದ ಟೈರಿನ ಹತ್ತಿರ ಯಾರದೋ ಮಗು ಬಂತಂತೆ. ಕ್ಯಾಮೆರಾ ಓಡುತ್ತಿದ್ದದ್ದು ಮರೆತು ಅಪ್ಪ ಕೂಗಿದ್ದು: "ಏ ಕೂಸಿನ್ನ ಈ ಕಡಿ ತಗೀರೋ!" ಅವರು ಬೈಯಲಿಲ್ಲ, "ಓಕೆ, ಸೂಪರ್" ಅಂದರಂತೆ. ಅಪ್ಪ ಅದನ್ನೇ ಆಕ್ಟಿಂಗ್ ಅಂದುಕೊಂಡಿದ್ದಾನೆ.

ಆ ಕೂಗನ್ನು ಇಟ್ಟುಕೊಂಡಿದ್ದಾರೆ. ಗುಡುಗಿನಂತೆ ಎಳೆದಿದ್ದಾರೆ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದರ ಅರ್ಥ: ಮಗುವನ್ನು ಸುಡಿ.

ಹಿಂದೆ ಓಡಿಸಿ ಮತ್ತೆ ಓದಿದೆ. ಅದೇ ಇತ್ತು.

ಜುಲೈ 12
ಸಿದ್ರಾ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. "ಮಿಸ್, ಆ ಗ್ಯಾಂಗ್ ಮಾತಾಡೋದು ಯಾವ ಲ್ಯಾಂಗ್ವೇಜ್? ಕಾಡುಜನರ ತರ ಇದೆ ಅಲ್ವಾ?"

"ಗೊತ್ತಿಲ್ಲ" ಎಂದೆ.

ಬಾಗಿಲಲ್ಲಿ ನಿಂತಿದ್ದ ಮೇಡಂ ಚಪ್ಪಾಳೆ ತಟ್ಟಿದರು. "ವಾವ್! ಅದೇ ಪೇರ್. ಭಾಷೆ–ಅರಚಾಟ. ಹಾಕ್ಬಿಡಿ."

ಹಾಕಿದೆ. ಬಲಗಡೆಯ ಕಾಲಮ್ಮಿನಲ್ಲಿ, ನನ್ನ ಕೈಯಾರೆ. ಸಿನಿಮಾದವರ ಮೇಲಿದ್ದ ಅಸಹ್ಯ ನನ್ನ ಮೇಲೆ ತಿರುಗಿತು. ಕೆ.ಆರ್. ಪುರಂ ಬರುವ ತನಕ ರೈಲಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಜುಲೈ 14, ಭಾನುವಾರ
ಪಕ್ಕದ ರೂಮಿನ ಈರೇಶನ ಮೊಬೈಲಿನಲ್ಲಿ ಸಿನಿಮಾ ಬಂದುಬಿಟ್ಟಿದೆ. ವಠಾರದ ಹದಿನಾಲ್ಕು ಜನ ನಮ್ಮ ಬಾಗಿಲ ಮುಂದೆ. ಅಪ್ಪ ಇಸ್ತ್ರಿ ಅಂಗಿ ಹಾಕಿದ್ದ.

"ತಡೀರಿ ತಡೀರಿ, ಈಗ ಬರ್ತೀನಿ ನೋಡ್ರಿ!"

ಬಂದ. ಕೂಗಿದ. ಶಿಳ್ಳೆ. ಅಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. "ಬಾಯಿ ನೋಡ್ರೆವ್ವಾ, ಬಾವಿ ಆದಂಗ ಆಗ್ಯದ!"

"ಹಂಪಣ್ಣಾ, ಇನ್ ಮ್ಯಾಲ ನಿನ್ನ ಜೋಡಿ ಮಾತಾಡ್ಬೇಕಂದ್ರ ಮ್ಯಾನೇಜರ್‌ನ ಕೇಳ್ಬೇಕೇನೋ?" ಎಂದ ಈರೇಶ.

ಅಪ್ಪ ನನ್ನತ್ತ ತಿರುಗಿದ. "ಜಯಾ, ಕೆಳಗ ಇಂಗ್ಲೀಷಿನ್ಯಾಗ ಬರದಾರಲ್ಲ, ನನ್ ಮಾತ ಹೌದಿಲ್ಲ? ಎಲ್ಲಾರಿಗೂ ಓದಿ ಹೇಳವಾ."

ಈರೇಶ ಸಿನಿಮಾ ನಿಲ್ಲಿಸಿದ. ಅಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

"ಕೂಸಿನ್ನ ಈ ಕಡಿ ತಗೀರಿ… ಹಂಗಽ ಬರದಾರ."

ಅಪ್ಪನ ಎದೆ ಉಬ್ಬಿತು. ಈರೇಶ ಸಿನಿಮಾ ಮುಂದಕ್ಕೆ ಓಡಿಸಿದ. ಆಕಾಶದಿಂದಿಳಿದ ಹೀರೋ ಮಗುವನ್ನೆತ್ತಿಕೊಂಡು ಅಪ್ಪನ ಎದೆಗೇ ಒದ್ದ. ಅಪ್ಪ ಗೋಡೆ ಒಡೆದುಕೊಂಡು ಆಚೆ ಬಿದ್ದ. ಅದೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು, ಅಪ್ಪನಿಗೆ ಗೊತ್ತಿರಲಿಲ್ಲ.

ಜನ ಇನ್ನೂ ನಗುತ್ತಿದ್ದರು. ಅಪ್ಪ ಮಾತ್ರ ಮೊಬೈಲನ್ನೇ ನೋಡುತ್ತಿದ್ದ. ಮೆಲ್ಲಗೆ ಕೇಳಿದ, ನನಗಷ್ಟೇ ಕೇಳುವಂತೆ:

"ಮತ್ತ ಅಂವಾ ನನಗ್ಯಾಕ ಒದ್ದಾ?"

ಜುಲೈ 15, ಬೆಳಿಗ್ಗೆ 9.20
ಪ್ರಿಂಟ್ ಹತ್ತಕ್ಕೆ.

ಪಟ್ಟಿಯ ಕೊನೆಯ ಸಾಲು, ಭಾಷೆ–ಅರಚಾಟ, ಅಳಿಸಿದೆ. ಎಡಗಡೆ ಅಪ್ಪ ಕೂಗಿದ ಮಾತು, ಅವನ ಕನ್ನಡದಲ್ಲೇ. ಬಲಗಡೆ ಸಿನಿಮಾದವರು ಬರೆದದ್ದು. ಮೆಟ್ಟಿಲ ಮೇಲೆ ಮೇಡಂ ದನಿ — "ಜಯಮಾಲಾ, ಫೈಲ್ ರೆಡಿನಾ?" ಕೂಗಿದವನು ಯಾರೆಂದು ಕೆಳಗೆ ಒಂದು ಟಿಪ್ಪಣಿ ಬೇಕು. ಹಂಪಣ್ಣ, ಗಾರೆ ಕೆಲಸ, ಈ ಉತ್ತರ ಬರೆದವಳ ಅಪ್ಪ.