ಮೀನು ಮಾರುವವಳ ಸಹಿ

ಅಮ್ಮಾ,

ನೀನಿದ್ದಾಗ ನನ್ನ ಪತ್ರಗಳನ್ನು ಪಕ್ಕದ ಮನೆಯವರು ಓದಿ ಹೇಳಬೇಕಿತ್ತು. ಈಗ ಅವರಿಗೂ ಆ ತೊಂದರೆಯಿಲ್ಲ.

ಈ ದ್ವೀಪದ ಶಾಲೆಗೆ ಟೀಚರಾಗಿ ಬಂದು ತಿಂಗಳಾಯಿತು. ಶಾಲೆಯ ಹಿಂದೆಯೇ ಕೋಣೆ ಕೊಟ್ಟಿದ್ದಾರೆ. ಉಪ್ಪುಗಾಳಿಗೆ ಬೀಗ ಆಗಲೇ ತುಕ್ಕು ಹಿಡಿದಿದೆ. ಸೀಮೆಸುಣ್ಣ ತೇವಕ್ಕೆ ಮೆತ್ತಗಾಗಿ ಹಲಗೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ಶಾಲೆಯ ಮಕ್ಕಳು ಮಾತ್ರ ನನ್ನೊಂದಿಗೆ ಬೇಗ ಹೊಂದಿಕೊಂಡರು.

ಇವತ್ತು ಅಂಕಪಟ್ಟಿಗೆ ಸಹಿ ಹಾಕಲು ಪೋಷಕರು ಬಂದಿದ್ದರು. ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ಮೀನು ಮಾರುವವಳು. ನಾನು ಮುಂದಿಟ್ಟ ಶಾಯಿ ಪ್ಯಾಡನ್ನು ಅವಳು ಪಕ್ಕಕ್ಕೆ ಸರಿಸಿದಳು.

"ಹೆಬ್ಬೆಟ್ಟು ಒತ್ತಿ ಒತ್ತಿ ಬೇಜಾರಾಗಿದೆ ಟೀಚರ್. ನನ್ನ ಹೆಸರು ಬರೆಯೋದು ಹೇಳಿಕೊಡ್ತೀರಾ?"

"ಈಗಲೇನಾ?"

"ಮತ್ತೆ? ಮೀನೂ ನಾಳೆವರೆಗೆ ಕಾಯಲ್ಲ, ನಾನೂ ಕಾಯಲ್ಲ."

ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದು ತಿದ್ದಿಸಿದೆ. ಇದ್ದದ್ದು ಮೂರೇ ಅಕ್ಷರ. "ಕೊಂಬು ಮರೆತೆ ಕಣಮ್ಮ" ಎಂದು ಮಗಳು ಗದರುತ್ತಿದ್ದಳು. ಕೊನೆಗೆ ಬರೆದದ್ದು ಗೆರೆಯಿಂದ ಕೆಳಗಿಳಿದರೂ ಅವಳದೇ ಹೆಸರಾಗಿತ್ತು.

ನಾನು ಶಿಕ್ಷಕರ ತರಬೇತಿಗೆ ಸೇರಿದ ವರ್ಷ ನೀನೂ ಇದನ್ನೇ ಕೇಳಿದ್ದೆ. "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಎಂದು ನಾನು ಹೇಳಿದ್ದೆ. ನೀನು ಮತ್ತೆ ಕೇಳಲಿಲ್ಲ.

ಇವತ್ತು ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿತು, ಅಮ್ಮಾ.